ನೀಲಿ ಅಂಚಿನ ಬಟ್ಟಲು

ವರ್ಸಿ ಅಜ್ಜಿ ತಾನಾಗಿಯೇ ಅಡುಗೆ ಕಲಿಸಲು ಮುಂದೆ ಬಂದಾಗ, ಸವಾನ್ನಾ ಪಟ್ಟಣದಲ್ಲಿದ್ದ ಮೊಮ್ಮಗಳಿಗೆ ಆಕೆ ಗಂಡು ಹುಡುಕುತ್ತಿದ್ದಾಳೆ ಎಂದೇ ಲಿನ್‌ವುಡ್ ತಿಳಿದುಕೊಂಡ. ದ್ವೀಪದ ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಕೂಲಿ, ತೊಳೆದರೂ ಹೋಗದ ವಾಸನೆ, ಅಜ್ಜಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಯ ವಾಸ. ಇಂಥ ವರನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಬೆಳಗಿನ ತಿಂಡಿಗೇ ಇಸ್ತ್ರಿ ಅಂಗಿ ಹಾಕಿಕೊಂಡು ಬರತೊಡಗಿದ. ಆ ಮೊಮ್ಮಗಳಿಗೆ ಆಗಲೇ ಮದುವೆಯಾಗಿ ಅವಳಿ ಮಕ್ಕಳಿದ್ದಾರೆ ಎಂದು ತಿಳಿಯುವ ಹೊತ್ತಿಗೆ ನುಚ್ಚು ಬೇಯಿಸುವುದು ಅವನಿಗೆ ಅರ್ಧ ಬಂದಿತ್ತು.

ಮೆಕ್ಕೆಜೋಳದ ನುಚ್ಚನ್ನು ನೀರಿನಲ್ಲಿ ಅಲುಗಿಸಿ ತೇಲುವ ಹೊಟ್ಟನ್ನು ಚೆಲ್ಲಬೇಕು. ಕುದಿಯುವ ಹಾಲು ಬೆರೆಸಿದ ನೀರಿಗೆ ತುಂತುರು ಬಿದ್ದಂತೆ ಉದುರಿಸಬೇಕು. ಆಮೇಲೆ ಸಣ್ಣ ಉರಿ, ಬಿಡದೆ ತಿರುಗುವ ಸೌಟು. ಬೆಣ್ಣೆ ಮತ್ತು ಚೀಸಿನ ತುರಿ ಒಲೆಯಿಂದ ಇಳಿಸಿದ ಮೇಲೆ.

"ಅವಸರ ಮಾಡ್ಬೇಡ ಮಗಾ. ಒಂದು ಗಂಟು ಸಿಕ್ಕಿದ್ರೂ ಐಸಮ್ ಬಟ್ಟಲು ತಳ್ಳಿಬಿಡ್ತಾನೆ."

ಐಸಮ್ ಅಜ್ಜಿಯ ಗಂಡ. ಹೋದ ಚಳಿಗಾಲದಲ್ಲಿ ದೋಣಿ ಮಗುಚಿ ಸತ್ತಿದ್ದ.

"ತಳ್ಳಿಬಿಡ್ತಿದ್ರು ಅನ್ನಿ," ಎಂದ ಲಿನ್‌ವುಡ್.

"ನಾನು ಅಂದಿದ್ದು ಅಂದಿದ್ದೇ. ನೀನು ತಿರುಗಿಸು."

ಮಗಳು ಹುಟ್ಟಿದ ಬೆಳಿಗ್ಗೆಯೂ ಅಜ್ಜಿ ನೋವು ಕಚ್ಚಿಕೊಂಡು ಐಸಮ್‌ಗೆ ನುಚ್ಚು ಬೇಯಿಸಿಟ್ಟೇ ಹೆರಿಗೆಗೆ ಮಲಗಿದವಳು. ಅವನು ಹೋದ ಮೇಲೆ ಮೈಕೈ ತುಂಬಿಕೊಂಡಿದ್ದಳು. ಜಗಲಿಯಲ್ಲಿ ಕೂತು ಹುಲ್ಲಿನ ಬುಟ್ಟಿ ಹೆಣೆಯುತ್ತ ಹಾಡಿಕೊಳ್ಳುತ್ತಿದ್ದಳು. ತಾನು ತಗಡಿನ ತಟ್ಟೆಯಲ್ಲಿ ತಿಂದು, ಲಿನ್‌ವುಡ್‌ಗೆ ಮಾತ್ರ ನೀಲಿ ಅಂಚಿನ ಪಿಂಗಾಣಿ ಬಟ್ಟಲಿನಲ್ಲಿ ಬಡಿಸುತ್ತಿದ್ದಳು. ದುಡಿಯುವ ಗಂಡಸಿಗೆ ಸಿಗುವ ಮರ್ಯಾದೆ ಎಂದು ಅವನು ಅದನ್ನೂ ಒಪ್ಪಿಕೊಂಡಿದ್ದ.

ಒಂದು ಮುಂಜಾನೆ ಚೌಗಿನ ಕಡೆಯಿಂದ ಮಂಜು ಮನೆಯೊಳಕ್ಕೇ ನುಗ್ಗಿತ್ತು. ಅಡುಗೆಮನೆಯಲ್ಲಿ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿ ಲಿನ್‌ವುಡ್ ಎದ್ದು ಅಂಗಿ ತೊಟ್ಟ. ಕಿಟಕಿಯಾಚೆ ನೋಡಿದರೆ ಅಜ್ಜಿ ಹಿತ್ತಲಿನಲ್ಲಿ ಕೋಳಿಗಳಿಗೆ ಕಾಳು ಎರಚುತ್ತಿದ್ದಳು. ಕೆರೆತ ನಿಲ್ಲಲಿಲ್ಲ. ಅವನು ಬಾಗಿಲು ತಳ್ಳಿದ ಮೇಲೆ ನಿಂತಿತು. ಒಳಗೆ ಯಾರೂ ಇರಲಿಲ್ಲ. ಪಾತ್ರೆಯಲ್ಲಿ ನುಚ್ಚು ಮಾತ್ರ ಇನ್ನೂ ನಿಧಾನವಾಗಿ ಸುತ್ತುತ್ತಿತ್ತು. ಕೆಸರಿನ ವಾಸನೆ ಬಂತು. ತನ್ನದೇ ಅಂಗಿಯದಿರಬೇಕು ಎಂದು ಮೂಸಿ ನೋಡಿಕೊಂಡ. ಇಸ್ತ್ರಿ ಅಂಗಿ, ಸೋಪಿನ ಪರಿಮಳ.

ಶೆಡ್ಡಿನಲ್ಲಿ ಜೊತೆಗೆ ಸೀಗಡಿ ಸುಲಿಯುವ ಹೋಸಿಯಾನಿಗೆ ಇದನ್ನೂ ಬಟ್ಟಲಿನ ಮರ್ಯಾದೆಯನ್ನೂ ಹೇಳಿದ. ಹೋಸಿಯಾ ಇದೇ ದ್ವೀಪದಲ್ಲಿ ಹುಟ್ಟಿದವನು.

"ನೀಲಿ ಅಂಚಿನ ಬಟ್ಟಲಾ? ಒಂದು ಕಡೆ ಚಕ್ಕೆ ಎದ್ದಿರೋದಾ?"

"ಹೂಂ."

ಹೋಸಿಯಾ ಕೈಯಲ್ಲಿದ್ದ ಸೀಗಡಿ ಕೆಳಗಿಟ್ಟ. "ಸಾಯೋ ದಿನ ಐಸಮ್ ಉಂಡಿದ್ದು ಅದರಲ್ಲೇ ಕಣೋ. ಕೊನೇಸಲ ಉಂಡ ಬಟ್ಟಲನ್ನ ಒಡೆದು ಸಮಾಧಿ ಮೇಲೆ ಇಡ್ಬೇಕು. ಆಗ ಸತ್ತೋನಿಗೂ ಮನೆಗೂ ಇರೋ ಕೊಂಡಿ ಕಳಚುತ್ತೆ. ಒಡೀದೆ ಇಟ್ಕೊಂಡ್ರೆ, ಅದರಲ್ಲಿ ಉಣ್ಣೋರನ್ನ ಅವನು ಬಂದು ಕರ್ಕೊಂಡು ಹೋಗ್ತಾನೆ."

"ನಾನು ಅದನ್ನೆಲ್ಲ ನಂಬಲ್ಲ."

"ಒಳ್ಳೇದು. ನಿನ್ನ ಬೂಟು ನಂಗೆ ಇರಲಿ ಅಂತ ಬರೆದಿಟ್ಟು ಹೋಗು."

ಮರುದಿನ ಲಿನ್‌ವುಡ್ ನುಚ್ಚು ತಿರುಗಿಸಿದ. ನಂಬದವನ ಕಣ್ಣು ಬಾಗಿಲ ಕಡೆಗೇ ಇದ್ದರೂ ನುಚ್ಚು ಬೆಣ್ಣೆಯ ಹಾಗೆ ನುಣ್ಣಗಾಯಿತು. ಅಜ್ಜಿ ಬೆರಳಲ್ಲಿ ನೆಕ್ಕಿ ಕಣ್ಣು ಮುಚ್ಚಿದಳು.

"ಒಂದೂ ಗಂಟಿಲ್ಲ. ಇನ್ನು ನಾನು ಕಲಿಸೋದು ಏನೂ ಉಳಿದಿಲ್ಲ ಮಗಾ."

ನೀಲಿ ಅಂಚಿನ ಬಟ್ಟಲು ತುಂಬಿಸಿ ಅವನ ಮುಂದೆ ಇಟ್ಟಳು. ಜಗಲಿಯ ಹಲಗೆ ಕಿರುಗುಟ್ಟಿತು. ಹೊರಗೆ ಯಾರೋ ದೋಣಿಯವರ ಬೂಟಿನ ಕೆಸರನ್ನು ಮೆಟ್ಟಿಲಿಗೆ ತಿಕ್ಕಿದ ಸದ್ದಾಯಿತು. ಅಜ್ಜಿ ತಲೆ ಎತ್ತಲಿಲ್ಲ.

ಲಿನ್‌ವುಡ್ ಚಮಚ ಮುಟ್ಟಲಿಲ್ಲ. "ಅಜ್ಜಿ, ಈ ಬಟ್ಟಲು ಯಾಕೆ ಒಡೀಲಿಲ್ಲ? ನಂಗೇ ಯಾಕೆ ಇದರಲ್ಲಿ ಬಡಿಸ್ತೀರಿ?"

ಅಜ್ಜಿ ಬೆರಳಿಗಂಟಿದ್ದ ಚೀಸನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಗೆ ಒರೆಸಿಕೊಂಡಳು.

"ನಲವತ್ತು ವರ್ಷ ಅವನಿಗೆ ಬೇಯಿಸಿ ಹಾಕಿದೀನಿ, ಇನ್ನು ನನ್ನ ಕೈಲಿ ಆಗಲ್ಲ. ಅಲ್ಲಿ ಮಾಡಿಕೊಡೋಕೆ ಅವನಿಗೆ ಯಾರಾದ್ರೂ ಬೇಕಲ್ಲ."