ಖಣ ಕಟ್ಟಿದ ಕೇಬಲ್ಲು

ಹಣಮಂತರಾಯರ ಹೆಂಡತಿ ಶಿವದೇವಿಯ ಧ್ವನಿ ಉಳಿದದ್ದು ಒಂದೇ ಕಡೆ, ಮೆಹದಿಪಟ್ಟಣಂ ಮನೆಯ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ಶಿವದೇವಿ ಇದ್ದಾಳೆ, ಕಲ್ಲುಗುಂಡಿನಂತೆ ಇದ್ದಾಳೆ. ಗಂಟಲಿನ ಗಡ್ಡೆಯ ಜೊತೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದು ಏಳು ತಿಂಗಳಾಯಿತು, ಅಷ್ಟೆ. ಆಪರೇಷನ್ನಿಗೆ ಮುಂಚೆ ಎಂಟು ದಿನ ಮೈಕಿನ ಮುಂದೆ ಕೂತು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ್ದಳು: ಹೋಳಿಗೆಯ ಅಳತೆ, ಬಾಗಲಕೋಟೆಯ ತವರಿನ ಸುದ್ದಿ, ಗಂಡನಿಗೆ ನಾಲ್ಕು ಬೈಗಳು. ಈಗ ಅವಳ ಮಾತೆಲ್ಲ ಸ್ಲೇಟಿನ ಮೇಲೆ.

ಆವತ್ತಿನಿಂದ ರಾಯರಿಗೆ ಅಳುವೂ ಇಲ್ಲ, ಸಿಟ್ಟೂ ಇಲ್ಲ. ತಾಟು ಮುಂದಿಟ್ಟರೆ ಉಂಡರು, ಇಲ್ಲದಿದ್ದರೆ ಕೇಳಲಿಲ್ಲ. ಆ ಧ್ವನಿಯನ್ನು ಇನ್ನೊಂದು ಕಡೆ ತೆಗೆದಿಡಬೇಕೆಂದು ದಿನಾ ಅಂದುಕೊಳ್ಳುವರು, ಏಳಲು ಮನಸ್ಸಾಗದು. ಅಷ್ಟರಲ್ಲಿ ಕಂಪ್ಯೂಟರು ಚಾಲೂ ಆಗುವುದನ್ನೇ ಬಿಟ್ಟಿತು. ಹೋದದ್ದು ಪವರ್ ಸಪ್ಲೈ, ಒಳಗಿನ ಕರೆಂಟಿನ ಡಬ್ಬಿ. ನಾಚಾರಂ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ ಮನುಷ್ಯ ಒಂದು ಡಬ್ಬಿ ಬದಲಿಸಲು ಯಾರ ಕಾಲು ಹಿಡಿಯಬೇಕು? ಹಿಮಾಯತ್‌ನಗರಕ್ಕೆ ಹೋಗಿ ತಾವೇ ಹೊಸದು ತಂದರು. ಹಳೆಯದರಂತೆ ಇದೂ ಮಾಡ್ಯುಲರ್ ಡಬ್ಬಿ; ಅಂದರೆ ಕೇಬಲ್ಲು ಬೇರೆ, ಡಬ್ಬಿ ಬೇರೆ, ಬೇಕಾದ ಕೇಬಲ್ಲನ್ನು ಹಿಂದಿನ ತೂತಿಗೆ ಚುಚ್ಚಿಕೊಳ್ಳುವುದು.

ಹಳೇ ಕೇಬಲ್ಲುಗಳು ಒಳಗೇ ಇದ್ದವು. ಹಿಂದೊಮ್ಮೆ ಧೂಳು ಹೊಡೆಯುವಾಗ ಆ ಗೋಜಲು ನೋಡಲಾರದೆ ಶಿವದೇವಿ ಕುಪ್ಪಸಕ್ಕೆ ಉಳಿದ ಗುಳೇದಗುಡ್ಡ ಖಣವನ್ನು ಚೂರು ಮಾಡಿ, ಕೇಬಲ್ಲುಗಳನ್ನು ಜಡೆ ಹಾಕಿದ ಹಾಗೆ ಬಿಗಿದು ಕಟ್ಟಿದ್ದಳು. ಈಗ ಬ್ಯಾಟರಿಯ ಬೆಳಕು ಹಿಡಿದು ಪಕ್ಕದಲ್ಲೇ ಕೂತಿದ್ದವಳು ಸ್ಲೇಟು ಮುಂದೆ ಹಿಡಿದಳು: “ಖಣ ಕತ್ತರಿಸ್ರಿ. ಹೊಸಾವಕ್ಕ ಮತ್ತ ಕಟ್ತೀನಿ.”

“ನೀ ಕಟ್ಟಿದ್ದು ಯಾಕ ಬಿಚ್ಚಬೇಕು? ಇವ ಛಲೋ ಕೂಡಾಕತ್ತಾವ,” ಎಂದರು ರಾಯರು. ಡಬ್ಬಿಯ ಜೊತೆ ಬಂದ ಹೊಸ ಕೇಬಲ್ಲುಗಳು ಚೀಲದಲ್ಲೇ ಉಳಿದವು. ಹಳೆಯವು ಹೊಸ ಡಬ್ಬಿಗೆ ಟಕ್ಕೆಂದು ಕೂತವು. ಸ್ವಿಚ್ಚು ಒತ್ತಿದರು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಸುಟ್ಟ ವಾಸನೆ ಬಂತು.

ಮಹಡಿಯಲ್ಲಿ ಬಾಡಿಗೆಗಿದ್ದ ನಿಖಿತಾ, ಮೈಸೂರಿನ ಹುಡುಗಿ, ಕಂಪ್ಯೂಟರಿನ ಕೆಲಸದವಳು, ಬಂದು ಬಗ್ಗಿ ನೋಡಿದಳು.

“ಹಳೇ ಕೇಬಲ್ ಹಾಕಿದ್ರಾ ಅಂಕಲ್?”

“ಹೂಂ. ಸರಿಯಾಗೇ ಕೂತಿದ್ವಲ್ಲ.”

“ಕೂರತ್ತೆ ಅಂಕಲ್. ಆದ್ರೆ ಡಬ್ಬಿ ಕಡೆ ಒಂದೊಂದು ಕಂಪನಿ ಒಂದೊಂದು ಥರ ವೈರ್ ಜೋಡಿಸಿರತ್ತೆ. ಐದು ವೋಲ್ಟ್ ಹೋಗೋ ಕಡೆ ಹನ್ನೆರಡು ಹೋಗಿ, ಆಂಟಿ ಧ್ವನಿ ಇರೋ ಡಿಸ್ಕೇ ಸುಟ್ಟಿದೆ.”

ಇಷ್ಟು ಹೇಳುವಷ್ಟರಲ್ಲಿ ಆ ಹುಡುಗಿಯ ಕಣ್ಣಲ್ಲಿ ನೀರು. ರಾಯರು ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ ಕೂತರು. ಮೂವತ್ತು ವರ್ಷ ವೋಲ್ಟೇಜು ನೋಡದೆ ಒಂದು ತಂತಿ ಮುಟ್ಟಿದವರಲ್ಲ.

ಡಿಸ್ಕನ್ನು ರಿಪೇರಿಯವರು ಹತ್ತು ದಿನ ಇಟ್ಟುಕೊಂಡು, ಏನೂ ಬರಲಿಲ್ಲವೆಂದು ವಾಪಸು ಕೊಟ್ಟರು. ರಾಯರು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಮನೆಗೆ ಬಂದರು.

“ಒಂದ್ ಮಾತೂ ಉಳದಿಲ್ಲ, ಶಿವದೇವಿ. ನನ್ನ ಕೈಯಾರ ಹಾಳ ಮಾಡಿದ್ನಿ.”

ಅವಳು ಸ್ಲೇಟು ಒರೆಸಿದಳು. ಆಮೇಲೆ ಬರೆದಳು: “ಹೋಗ್ಲಿ ಬಿಡ್ರಿ. ನನ್ನ ಧ್ವನಿ ನಿಮಗ ನೆನಪೈತಲ್ಲ?”

ರಾಯರು ಕಣ್ಣು ಮುಚ್ಚಿದರು. ‘ಏನ್ರಿ, ನಿಮಗ ಕೇಳಾಕತ್ತೈತೇನ್ರಿ?’ ಅಡಿಗೆಮನೆಯಿಂದ ನಲವತ್ತು ವರ್ಷ ಕೂಗಿದ ಮಾತು ಒಂದಕ್ಷರ ಬಿಡದೆ ಬಂತು. ಬಂದದ್ದು ಮಾತ್ರ ರಾಯರ ಸ್ವಂತ ಧ್ವನಿಯಲ್ಲಿ. ಮತ್ತೊಮ್ಮೆ ನೆನೆದು ನೋಡಿದರು, ಆಗಲೂ ಹಾಗೇ.

ಕಣ್ಣು ತೆರೆದಾಗ ಶಿವದೇವಿ ಸ್ಲೇಟು ಹಿಡಿದುಕೊಂಡೇ ಅವರ ಮುಖ ನೋಡುತ್ತಿದ್ದಳು.

“ಐತಿ,” ಎಂದರು ರಾಯರು.