ಕರಡಿ ವೇಷದೊಳಗಿದ್ದ ನಮ್ಮ ಮೈದ

ನಮ್ಮ ಮೈದನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಜೊತೆ ಜಗಳ ಆಡಿಕೊಂಡು ಬೇರೆ ಮನೆ ಹೂಡಿದ ಹಾಗೆ ಆಚೆಗೆ ತಿರುಗಿ ನಿಂತಿತ್ತು. ಅದರ ಮೇಲೆ ಉಗುರಿಲ್ಲ. ಕಬ್ಬು ಕಡಿಯುವಾಗ ಮಚ್ಚು ತಗುಲಿ ಹೋದದ್ದು, ಮತ್ತೆ ಬರಲೇ ಇಲ್ಲ. ಮಂಡ್ಯದ ಯಾವ ಅಂಗಡಿಯಲ್ಲೂ ಆ ಕಾಲಿಗೆ ಚಪ್ಪಲಿ ಸಿಗುತ್ತಿರಲಿಲ್ಲ. ಎಂಥ ದೊಡ್ಡದು ತಂದರೂ ಮುಂದುಗಡೆ ಕೊಯ್ದು ಬೆರಳಿಗೆ ಒಂದು ಕಿಟಕಿ ಮಾಡಿಕೊಡಬೇಕಾಗಿತ್ತು. ಬೆರಳಿನ ಮಾತು ಮೊದಲು ಯಾಕೆ ತೆಗೆದೆ ಅಂದರೆ, ಒಂದು ದಿನ ನಾನು ಅವನನ್ನು ಗುರುತು ಹಿಡಿದದ್ದೇ ಅದರಿಂದ.

ನಾನು ಮದುವೆಯಾಗಿ ಮಳವಳ್ಳಿ ಕಡೆಯ ಈ ಊರಿಗೆ ಬಂದಾಗ ಅವನು ಮೂಗು ಸುರಿಸಿಕೊಂಡು ಓಡಾಡುವ ಚಡ್ಡಿ ಹುಡುಗ. ನಾನು ಬಂದ ಮಾರನೇ ದಿನವೇ ನಮ್ಮತ್ತೆ ಅವನ ಕಿವಿ ನನ್ನ ಕೈಗೆ ಕೊಟ್ಟು, "ಇವನ್ಗೆ ನೀರ್ ಉಯ್ಯವ್ವ, ನನ್ ಕೈಗೆ ಸಿಕ್ಕಲ್ಲ" ಅಂದರು. ಅವತ್ತು ಹಿಡಿದ ಕಿವಿ ಕಡೇತನಕ ಬಿಡಲಿಲ್ಲ. ಅವನಿಗೆ ನಾನು ಅತ್ಗೆ. ನನಗೆ ಅವನು ಅರ್ಧ ಮಗ, ಮಿಕ್ಕರ್ಧ ತಲೆನೋವು. ಮದುವೆ ಅವನು ಮಾಡಿಕೊಳ್ಳಲಿಲ್ಲ. ಹೆಣ್ಣು ನೋಡೋಕೆ ಹೋದ ಮನೆಯಲ್ಲೆಲ್ಲ ನಾಟಕದ ಮಾತು ಹೊಡೆದು, ಹೆಣ್ಣಿನ ಅಪ್ಪನನ್ನೇ ಹೆದರಿಸಿ ಬರುತ್ತಿದ್ದ.

ಮೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಗದ್ದೆಯಲ್ಲಿ ನಿಂತು "ಅತ್ಗೇ, ಮುದ್ದೆ ಆಯ್ತಾ?" ಅಂದರೆ ಒಲೆ ಮುಂದೆ ಕೂತ ನನಗೆ ಕೇಳುತ್ತಿತ್ತು. ನಾನು ಬಾಯಿ ತೆಗೆಯುವುದಕ್ಕೆ ಮುಂಚೆ ಪಕ್ಕದ ಮನೆಯವಳು "ಆಯ್ತಂತೆ ಬಾರಪ್ಪ, ಊರೆಲ್ಲ ಎಬ್ಬಿಸ್ಬ್ಯಾಡ" ಅಂತ ಉತ್ತರ ಕೊಡುತ್ತಿದ್ದಳು.

ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಎಂಥದ್ದು ಅಂತ ಹೊರಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಗೊಬ್ಬರ ಹೊತ್ತವನೇ ಕಿರೀಟ ಹೊರುತ್ತಾನೆ. ನಮ್ಮ ಮೈದನಿಗೆ ಪ್ರತಿ ವರ್ಷ ಗದೆ ಹಿಡಿಯುವ ಪಾರ್ಟು. ಗದೆ ಎತ್ತೋಕೆ ಅವನನ್ನು ಮೀರಿಸುವವರಿರಲಿಲ್ಲ. ಮಾತು ಮಾತ್ರ ತಲೆಯಲ್ಲಿ ನಿಲ್ಲದು. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಮನೆಯಲ್ಲಿ ಅವನ ಪಾಲಿಗೆ ಸಿಕ್ಕಿದವಳು ನಾನೇ. ಮಧ್ಯಾಹ್ನ ಅವನು ಎತ್ತಿನ ಮೈ ತೊಳೆಯುತ್ತಾ ಮಾತು ಹೇಳುವನು, ನಾನು ಜಗುಲಿ ಮೇಲೆ ಪುಸ್ತಕ ಹಿಡಿದು ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಹಿಂದೆಯೇ ಹೋಗುತ್ತಿದ್ದೆ. ಅವನು ತಡವರಿಸಿದರೆ ಮುಂದಿನ ಮಾತು ನಾನು ಹೇಳಬೇಕು. ಬಾಯಿಗೆ ಬರದೆ ನಿಂತುಬಿಟ್ಟರೆ ನನ್ನ ಕಡೆ ತಿರುಗಿ, "ಎತ್ಕೊಡಿ ಅತ್ಗೆ, ಎತ್ಕೊಡಿ" ಅನ್ನುವನು.

"ಎತ್ತಿಗಾದ್ರೂ ಬಂದಿರ್ತದೆ ಕಣ್ಲಾ ಇಷ್ಟೊತ್ಗೆ, ನಿಂಗೆ ಬರ್ನಿಲ್ಲ."

"ಎತ್ತಿಗೆ ಗದೆ ಎತ್ತೋಕೆ ಬತ್ತದಾ?"

ನಾಟಕದ ದಿನವೂ ಸೈಡು ಪರದೆ ಪಕ್ಕ ನನಗೊಂದು ಸ್ಟೂಲು. ಹಾರ್ಮೋನಿಯಂ ಮೇಷ್ಟ್ರಿಗೆ ಇದು ಹಿಡಿಸುತ್ತಿರಲಿಲ್ಲ. ಮೈದ ಕೇಳಲಿಲ್ಲ. ವರ್ಷ ವರ್ಷ ಹೀಗೆ ಎತ್ತಿಕೊಟ್ಟು ಎತ್ತಿಕೊಟ್ಟು ನಾನು ಪೇಪರ್ ಓದುವಂತಾದೆ, ಹಾಲಿನ ಸಂಘದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತುವುದು ಬಿಟ್ಟು ಸಹಿ ಹಾಕಿದೆ. ಇವತ್ತು ಇದನ್ನು ಬರೆಯುತ್ತಿರುವ ಅಕ್ಷರವೂ ಅವನ ಮರೆವಿನಿಂದ ನನಗೆ ಬಂದದ್ದು.

ಅವನಿಗೆ ವಯಸ್ಸಾಯಿತು. ಗದೆ ಹೊಸ ಹುಡುಗರ ಕೈಗೆ ಹೋಯಿತು. ಇವನಿಗೆ ಬಾಗಿಲು ಕಾಯುವ ದೂತನ ಪಾರ್ಟು ಕೊಟ್ಟರು. ಒಂದೇ ಮಾತು. ಮನೆಗೆ ಬಂದು ಕೂತು, "ಒಂದೇ ಮಾತಾದ್ರೆ ನಾನ್ ಮರೆಯೋ ಅಂಗಿಲ್ಲ, ನೀವ್ ಎತ್ಕೊಡೋ ಅಂಗಿಲ್ಲ. ಏನ್ ಸುಖ ಅತ್ಗೆ?" ಅಂದ. ನಾಟಕ ಬಿಟ್ಟ. ಬಿಟ್ಟ ಮೇಲೆ ಮನುಷ್ಯ ಮಂಕಾದ. ಗದ್ದೆಯಿಂದ ಕೂಗುವುದು ನಿಂತಿತು. ಪಕ್ಕದ ಮನೆಯವಳೇ ಬಂದು "ಯಾಕಮ್ಮ, ನಿನ್ ಮೈದುನ್ಗೆ ಉಸಾರಿಲ್ವಾ?" ಅಂತ ಕೇಳಿದಳು.

ಅಷ್ಟರಲ್ಲಿ ಮದ್ದೂರಿನಾಚೆ ಹೆದ್ದಾರಿ ಪಕ್ಕದ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಎಲ್ಲಾ ಪ್ರಾಣಿಗಳದೇ ಕಾರುಬಾರು. ಮೊಸಳೆ ಬಾಯೊಳಗಿಂದ ಹೊರಡುವ ರೈಲು, ನವಿಲಿನ ತೊಟ್ಟಿಲು, ಹಿಂದುಗಡೆಯಿಂದ ಹೊಟ್ಟೆಯೊಳಗೆ ಹತ್ತಿ ಸೊಂಡಿಲಿನಿಂದ ಜಾರುವ ಆನೆ. ಇವುಗಳ ಮಧ್ಯೆ ವೇಷ ಹಾಕಿಕೊಂಡು ಮಕ್ಕಳ ಕೈ ಕುಲುಕೋಕೆ ನಾಲ್ಕು ಜನ. ಇವನ ಮೈಕಟ್ಟು ನೋಡಿ ಕರಡಿ ಕೊಟ್ಟರು. ಮೊದಲ ದಿನ ಮನೆಗೆ ಬಂದವನ ಮುಖ ನೋಡಬೇಕಿತ್ತು. "ನಾಟಕದಾಗೆ ವರ್ಸಕ್ಕೊಂದ್ ದಿನ ವೇಸ ಅತ್ಗೆ. ಇಲ್ಲಿ ದಿನಾ ವೇಸ!"

ಒಂದೇ ತೊಂದರೆ. ವೇಷದೊಳಗೆ ಮಾತಾಡಬಾರದು. ಕರಡಿ ಮಾತಾಡಿದರೆ ಮಕ್ಕಳು ಬೆದರುತ್ತವೆ ಅಂತ ಅಲ್ಲಿಯ ಕಾನೂನು. ನಮ್ಮ ಮೈದನಿಗೆ ಉಸಿರು ಕಟ್ಟು ಅಂದರೆ ಕಟ್ಟಿಯಾನು, ಬಾಯಿ ಕಟ್ಟು ಅಂದರೆ ಹೇಗೆ? ಎರಡು ಸಲ ಬೈಸಿಕೊಂಡಿದ್ದ.

ಒಂದು ಸಲ ಕರಡಿ ಕಿವಿ ಕಿತ್ತುಹೋಗಿ ತಲೆಯನ್ನು ಹೊಲೆಯೋಕೆ ಅಂತ ನನ್ನ ಹತ್ತಿರ ತಂದ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ಬಂದನಂತೆ. ಗೆಜ್ಜಲಗೆರೆಯ ಫ್ಯಾಕ್ಟರಿ ಮುಗಿಸಿ ಹತ್ತಿದ ಹೆಣ್ಣುಮಕ್ಕಳೆಲ್ಲ ಅದರ ಮೂಗು ಹಿಂಡಿದರಂತೆ. ಕಂಡಕ್ಟರ್ "ಇದ್ಕೂ ಟಿಕೆಟ್ ತಗೊಳಣ್ಣ" ಅಂದದ್ದಕ್ಕೆ ಇವನು "ತಲೆ ಒಂದೇ ಬಂದಿರಾದು, ಅರ್ಧ ಟಿಕೆಟ್ ಕೊಡು" ಅಂದನಂತೆ.

ಆಮೇಲೆ ಪಾರ್ಕು ಹೊಸ ಕಂಪನಿಯವರ ಕೈಗೆ ಬಂತು. ಹಳೆಯದೆಲ್ಲ ಕಿತ್ತು, ಕಣ್ಣು ಹೊರಳಿಸುವ, ತಲೆ ಆಡಿಸುವ ಮಿಷನ್ನಿನ ಪ್ರಾಣಿಗಳನ್ನು ತರುತ್ತಾರಂತೆ. ಅರ್ಧ ಪಾರ್ಕು ಮುಚ್ಚಿ ಕೆಲಸ ಹಚ್ಚಿದರು, ಅರ್ಧ ನಡೆಯುತ್ತಿತ್ತು. ವೇಷದವರು ನಾಲ್ವರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುವುದು, ಯಾರನ್ನು ಅಂತ ಮ್ಯಾನೇಜರು ಭಾನುವಾರ ಬಂದು ನೋಡಿ ಹೇಳುವುದು.

"ಅವತ್ತೊಂದಿನ ಬಾಯ್ ಮುಚ್ಕೊಂಡಿದ್ಬುಟ್ರೆ ಕೆಲ್ಸ ನಂದೇ ಅತ್ಗೆ" ಅಂದ. "ಇದೂ ಕೈಬುಟ್ಟೋದ್ರೆ ಇನ್ನ್ಯಾವ್ ವೇಸ ಆಕ್ಲಿ ನಾನು?"

ಅದೇ ಭಾನುವಾರ ನಾನೂ ಹೋದೆ. ಗುತ್ತಲಿನಲ್ಲಿರುವ ಮಗಳು ಬೇಸಿಗೆ ರಜೆಗೆ ಅಂತ ತನ್ನ ಮಗುವನ್ನು ನನ್ನ ಹತ್ತಿರ ಬಿಟ್ಟಿದ್ದಳು. ಐದು ವರ್ಷದ್ದು, ಕಾಲು ನೆಲದ ಮೇಲೆ ನಿಲ್ಲದು. ಹಳೇ ಪ್ರಾಣಿ ಹೋಗುವುದಕ್ಕೆ ಮುಂಚೆ ನೋಡಲಿ ಅಂತ ಬಸ್ಸು ಹತ್ತಿಸಿಕೊಂಡು ಬಂದೆ.

ಒಳಗೆ ಹೋದರೆ ಜಿರಾಫೆ ಅಡ್ಡಡ್ಡ ಬಿದ್ದಿದೆ. ಸಿಂಹಕ್ಕೆ ತಲೆ ಇಲ್ಲ. ನವಿಲುಗಳ ಬಾಲ ಕಿತ್ತು ಸೌದೆ ಪೇರಿಸಿದ ಹಾಗೆ ಪೇರಿಸಿದ್ದಾರೆ.

"ಅಜ್ಜಿ, ಇವೆಲ್ಲ ಸತ್ತೋದ್ವಾ?"

"ಸಿಮೆಂಟು ಕಣವ್ವ. ಉಟ್ಟೇ ಇಲ್ಲ, ಸಾಯಾದೆಲ್ಬಂತು?"

ಬಿಸಿಲು ಜೋರಾಗಿತ್ತು. ಹೊಂಗೆ ಮರದ ಕೆಳಗೆ ಕಿತ್ತು ತಂದ ಜಿಂಕೆ, ಮೊಲ ಎಲ್ಲ ಗುಡ್ಡೆ ಹಾಕಿದ್ದರು. ಅವುಗಳ ಜೊತೆ ಒಂದು ಕರಡಿಯೂ ಕೂತಿತ್ತು. ಬಿಸಿಲಿಗೆ ಕಣ್ಣು ಮಂಜಾಗಿತ್ತು, ಇದೂ ಕಿತ್ತದ್ದೇ ಅಂದುಕೊಂಡು ಅದಕ್ಕೆ ಒರಗಿ ಕೂತೆ. ಎಲೆಅಡಿಕೆ ಹಾಕಿದೆ. ಮಗು ಮೊಲದ ಬೆನ್ನು ಹತ್ತಿ ಇಳಿದು ಆಡುತ್ತಿತ್ತು. ಬಾಯಿ ತುಂಬಿತು, ಪಕ್ಕಕ್ಕೆ ತಿರುಗಿ ಉಗಿದೆ. ಕರಡಿ ತಟಕ್ಕನೆ ಕಾಲು ಎಳೆದುಕೊಂಡಿತು.

ನೋಡುತ್ತೇನೆ, ಕರಡಿಯ ಬಲಗಾಲಿನ ಮುಂದುಗಡೆ ಕೊಯ್ದಿದೆ. ಕಿಟಕಿಯಿಂದ ಒಂದು ಹೆಬ್ಬೆರಳು ಆಚೆ ತಿರುಗಿಕೊಂಡಿದೆ. ಉಗುರಿಲ್ಲ.

"ಲೇ, ನೀನೇನ್ಲಾ?"

ಕರಡಿ ಕೈಯೆತ್ತಿ ಆಚೆ ತೋರಿಸಿತು. ಬಿಳಿ ಟೋಪಿ ಹಾಕಿದ ಮ್ಯಾನೇಜರು ನಿಂತು ಇತ್ತಲೇ ನೋಡುತ್ತಿದ್ದ. ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ಅಂಥ ಸಮಯ ಬಿಡುತ್ತೇನಾ? ಅವನು ತಿರುಗಿ ಮಾತಾಡುವ ಹಾಗಿಲ್ಲವಲ್ಲ!

"ಮೊನ್ನೆ ಕೊಟ್ಟಿಗೇಲಿ ಅಸ ಕರೀದೆ ಬಸ್ಸಿಗೆ ಓಡ್ದಲ್ಲ, ಯಾರ್ ಕರೀಬೇಕಿತ್ತು? ನಿಮ್ಮಣ್ಣನಾ? ನನ್ ಮೊರ ಎಲ್ಲಿಟ್ಟಿದೀಯೆ? ಮುರ್ದಾಕಿದೀಯಾ?"

ಕರಡಿ ಇಲ್ಲ ಅಂತ ತಲೆ ಆಡಿಸಿತು.

"ಮತ್ತೆ ಕೊಟ್ಟಿದ್ ಯಾರ್ಗೆ?"

ಕರಡಿ ಆಕಾಶ ನೋಡಿತು. ನಗುವಿಗೆ ಹೊಟ್ಟೆ ಕುಲುಕಾಡುತ್ತಿತ್ತು. ನಾನು ಈ ಮನೆಗೆ ಬಂದ ಮೇಲೆ ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

ಈ ಆಟದಲ್ಲಿ ಮಗು ಎತ್ತ ಹೋಯಿತು ಅಂತ ನೋಡಲಿಲ್ಲ. ಕರಡಿ ನೋಡಿತು. ತಟ್ಟನೆ ಎದ್ದು ನಿಂತಿತು. ಅದು ನೋಡಿದ ಕಡೆ ನಾನೂ ನೋಡಿದೆ. ಆನೆಗೆ ಅಗಲ ಬೆಲ್ಟು ಬಿಗಿದು ಕ್ರೇನಿಗೆ ಸಿಕ್ಕಿಸಿದ್ದರು. ಮಗು ಅಡ್ಡ ನಿಲ್ಲಿಸಿದ್ದ ತಗಡಿನ ಸಂದಿಯಿಂದ ನುಗ್ಗಿ, ಆನೆಯ ಹಿಂದುಗಡೆಯ ಬಾಗಿಲಿಂದ ಹೊಟ್ಟೆಯೊಳಗೆ ಹತ್ತುತ್ತಿದೆ. ಗೌನಿನ ಅಂಚು ಕಂಡಿತು, ಅದೂ ಒಳಗೆ ಹೋಯಿತು. ಕ್ರೇನು ಗುರ್ರಂತ ಎತ್ತೋಕೆ ಶುರುವಾಯಿತು. ಡ್ರೈವರು ಆ ಕಡೆ, ಬಾಗಿಲು ಈ ಕಡೆ. ನಾನು ಕೂಗಿದೆ. ಬಾಯಲ್ಲಿ ಎಲೆಅಡಿಕೆ, ಮೇಲೆ ಆ ಯಂತ್ರದ ಸದ್ದು. ನನ್ನ ದನಿ ನನಗೇ ಕೇಳಲಿಲ್ಲ.

ಆಗ ಕರಡಿ ತನ್ನ ತಲೆ ಕಿತ್ತು ಬಿಸಾಕಿತು.

"ನಿಲ್ಲಿಸೆಲೋ ಯಂತ್ರದವನೇ! ಆನೆ ಒಡಲಾಗೆ ಕೂಸೈತೆ! ನಿಲ್ಲಿಸೂ!"

ಗದೆ ಹಿಡಿದ ಕಾಲದ ದನಿ ಅದು. ಹೊಂಗೆ ಮರದ ಕಾಗೆಗಳೆಲ್ಲ ಎದ್ದುಹೋದವು. ಆಚೆ ರೈಲಿನಲ್ಲಿದ್ದ ಮಕ್ಕಳು ತೆಪ್ಪಗಾದವು. ಡ್ರೈವರು ಕೈ ತೆಗೆದ. ಆನೆ ಮೊಳದುದ್ದ ಎದ್ದದ್ದು ಹಾಗೇ ಕೆಳಗೆ ಕೂತಿತು. ಆಮೇಲೆ ಸೊಂಡಿಲಿನಿಂದ ಜರ್ರಂತ ಮಗು ಜಾರಿಕೊಂಡು ಬಂದು ನೆಲದ ಮೇಲೆ ಕೂತು, "ಅಜ್ಜಿ, ಆನೆ ಎದ್ದೇಳ್ತಿತ್ತು!" ಅಂತು. ಎತ್ತಿಕೊಂಡು ಬೆನ್ನಿಗೊಂದು ಕೊಟ್ಟೆ. ಆಮೇಲೆ ಮುತ್ತು ಕೊಟ್ಟೆ.

ಮ್ಯಾನೇಜರು ಓಡಿ ಬಂದ. ಇನ್ನೂ ಹುಡುಗ, ಮುಖ ಬೆಳ್ಳಗಾಗಿತ್ತು. "ಯಾರು ಕೂಗಿದ್ದು?" ಅಂದ.

ನಮ್ಮ ಮೈದ ಕರಡಿಯ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ನಾನೇ ಸಾರ್. ಮಾತಾಡ್ಬುಟ್ಟೆ" ಅಂದ. ನನ್ನ ಕಡೆ ತಿರುಗಿ ಮೆಲ್ಲಗೆ, "ವೇಸ ಓಯ್ತು ಬುಡಿ ಅತ್ಗೆ" ಅಂದ. ನಗುತ್ತಲೇ ಅಂದ. ಆದರೆ ಆ ತಲೆಯ ಕಿವಿಯನ್ನು, ನಾನು ಹೊಲೆದಿದ್ದ ಕಿವಿಯನ್ನು, ಸವರುತ್ತಿದ್ದ.

ನಾನು ಸುಮ್ಮನಿರಲಿಲ್ಲ. "ನೋಡಪ್ಪ, ಮೂಗ ಕರಡಿ ಇದ್ದಿದ್ರೆ ನನ್ ಮೊಮ್ಮಗಳು ಇವತ್ತು ಎಲ್ಲಿರೋಳು?" ಅಂದೆ. ಮ್ಯಾನೇಜರು ಮೈದನ ಫೋನ್ ನಂಬರು ಬರೆದುಕೊಂಡ.

ಕೆಲಸ ಹೋದದ್ದು ನಿಜ. ಬಾಯಿ ಬಿಗಿಹಿಡಿದು ಕುಣಿದ ಕೋತಿ ವೇಷದವನನ್ನು ಇಟ್ಟುಕೊಂಡರು. ಮೈದ ಮತ್ತೆ ಗದ್ದೆಗೆ ಹೋದ. ಕೆಲವು ವಾರ ಕಳೆದು ಫೋನ್ ಬಂತು. ಹೊಸ ಪಾರ್ಕಿನಲ್ಲಿ ಒಂದು ಕತ್ತಲೆ ಗವಿ ಮಾಡುತ್ತಾರಂತೆ, ಅದರ ಬಾಗಿಲಲ್ಲಿ ಮಿಷನ್ನಿನ ಕರಡಿ ಕೂರುತ್ತದಂತೆ. ಆ ಕರಡಿ ಮಾತಾಡಬೇಕು. ಅವತ್ತು ಕೂಗಿದವರದೇ ದನಿ ಬೇಕು ಅಂತ ಮ್ಯಾನೇಜರೇ ಕೇಳಿದ.

ಹೇಳಬೇಕಾದ ಮಾತನ್ನು ಒಂದು ಹಾಳೆಯಲ್ಲಿ ಕಳಿಸಿದ್ದರು. ಮತ್ತೆ ಜಗುಲಿ, ಮತ್ತೆ ನನ್ನ ಬೆರಳು ಅಕ್ಷರದ ಕೆಳಗೆ. ಎಲ್ಲಾ ಹೇಳುವನು, ಕೊನೆಗೆ ಬಂದು ನಿಲ್ಲುವನು. ಅಲ್ಲಿ "ಎಚ್ಚರಿಕೆಯಿಂದ ಮುನ್ನಡೆಯಿರಿ" ಅಂತಿತ್ತು. ಅದು ಅವನ ನಾಲಿಗೆಗೆ ಹತ್ತಲಿಲ್ಲ.

"ಎತ್ಕೊಡಿ ಅತ್ಗೆ."

"ಎಷ್ಟ್ ಸಲ ಎತ್ಕೊಡ್ಲಿ? 'ಜೋಪಾನ' ಅನ್ನಲಾ, ಮುಗೀತು."

ಮೈಸೂರಿಗೆ ಕರೆದುಕೊಂಡು ಹೋಗಿ ಗಾಜಿನ ರೂಮಲ್ಲಿ ಕೂರಿಸಿ ದನಿ ಹಿಡಿದುಕೊಂಡರು. ಬಂದವನು, "ಎಲ್ಲಾ ಚೆಂದಾಗಿ ಏಳ್ದೆ ಅತ್ಗೆ. ಕೊನೇಲಿ ಮಾತ್ರ ನಿಂತೋದೆ. ಪಕ್ಕಕ್ ತಿರುಗ್ತೀನಿ, ನೀವಿಲ್ಲ. ಆಮೇಕೆ ತಾನಾಗೇ ಬಂತು" ಅಂದ.

"ತಿರ್ಗಾ ಏಳುಸ್ಲಿಲ್ವಾ?"

"ಏ, ಅಂಗೇ ಚೆಂದಾಗೈತೆ, ಇರ್ಲಿ ಅಂದ್ರು."

ಅದಾದ ಮೇಲೆ ಅವನು ಗದ್ದೆಯಿಂದ ಮತ್ತೆ ಕೂಗೋಕೆ ಶುರುಮಾಡಿದ. ಪಾರ್ಕು ಬಾಗಿಲು ತೆಗೆಯುವ ದಿನಕ್ಕೆ ಬಿಳಿ ಪಂಚೆ ಒಗೆಸಿ ಮಡಿಸಿ ಇಟ್ಟುಕೊಂಡಿದ್ದ. ಆ ದಿನ ಅವನಿಗೆ ಸಿಕ್ಕಲಿಲ್ಲ. ಒಂದು ಬೆಳಿಗ್ಗೆ ಹಸು ಕರೆದಿಟ್ಟು ಜಗುಲಿ ಮೇಲೆ ಕೂತು ಕಾಫಿ ಕೇಳಿದ. ನಾನು ಲೋಟ ಹಿಡಿದು ಬರುವಷ್ಟರಲ್ಲಿ ಕಂಬಕ್ಕೆ ಒರಗಿ ಹೋಗಿಬಿಟ್ಟಿದ್ದ. ಕೇಳಿದ ಕಾಫಿಯನ್ನು ಅವನು ಕುಡಿಯದೆ ಬಿಟ್ಟದ್ದು ಅದೊಂದೇ ಸಲ. ನಾನು ಅಳಲಿಲ್ಲ. ಅಳೋಕೆ ಬೇಕಾದಷ್ಟು ಜನ ಬಂದಿದ್ದರು, ಅವರಿಗೆಲ್ಲ ಕಾಫಿ ಕಾಯಿಸುವವರು ಬೇಕಿತ್ತು.

ಹೋದ ತಿಂಗಳು ಮೊಮ್ಮಗಳು ಹಟ ಹಿಡಿದು ನನ್ನನ್ನು ಆ ಪಾರ್ಕಿಗೆ ಎಳೆದುಕೊಂಡು ಹೋದಳು. ಎಲ್ಲಾ ಥಳಥಳ. ಗವಿ ಬಾಗಿಲಲ್ಲಿ ಕರಡಿ ಕೂತಿತ್ತು. ನಾನು ಮೊದಲು ಕಾಲು ನೋಡಿದೆ. ಬೆರಳೆಲ್ಲ ನೆಟ್ಟಗಿದ್ದವು. ಇದು ಯಾವುದೋ ಬೇರೆ ಅಂದುಕೊಂಡೆ. ಅಷ್ಟರಲ್ಲಿ ಅದು ಕಣ್ಣು ಹೊರಳಿಸಿ ಬಾಯಿ ತೆಗೆಯಿತು.

"ಬನ್ರಪ್ಪ ಮಕ್ಕಳೇ, ಬನ್ರವ್ವ! ನಾನು ಈ ಗವಿ ಕರಡಿ. ಕಚ್ಚಲ್ಲ, ಪರಚಲ್ಲ. ಒಳಗೆ ಕತ್ತಲೆ ಇದೆ, ಅಜ್ಜಿ ಕೈ ಬಿಡಬೇಡಿ. ಮುಂದೆ ಮೆಟ್ಟಿಲು..."

ಅಷ್ಟು ಹೇಳಿ ನಿಂತಿತು. ಬಾಯಿ ತೆಗೆದುಕೊಂಡೇ ನಿಂತಿತು.

"ಜೋಪಾನ" ಅಂದೆ. ನಾನು ಅನ್ನಬೇಕು ಅಂತ ಅಂದದ್ದಲ್ಲ, ಬಾಯಿ ತಾನೇ ಅಂತು.

"ಜೋಪಾನ" ಅಂತು ಕರಡಿ.

ಮೊಮ್ಮಗಳು ನನ್ನ ಸೆರಗು ಜಗ್ಗಿದಳು. "ಅಜ್ಜಿ, ಕರಡಿಗೆ ನೀನ್ ಹೇಳ್ಕೊಟ್ಯಾ?"

"ಊಂ ಕಣವ್ವ. ಅದ್ಕೆ ಮೊದ್ಲಿಂದ್ಲೂ ಮರೆವು."

ಇನ್ನೊಂದು ಸಲ ಹೇಳಲಿ ಅಂತ ಅಲ್ಲೇ ನಿಂತೆವು. ಹಿಂದೆ ಜನ ಸೇರಿದರು. ಕಾವಲಿನ ಹುಡುಗ ಬಂದು, "ಅಜ್ಜಿ, ಮುಂದಕ್ ನಡೀರಿ, ದಾರಿ ಬುಡಿ" ಅಂದ.

"ತಡಿಯಪ್ಪ," ಅಂದೆ, "ಅವನ್ಗೆ ಎತ್ಕೊಡೋರು ಬೇಕು."