ದೋಸೆ ಹಿಟ್ಟಿನಂತೆ ಹೊದಿಸಿಟ್ಟ ಬಿಯರ್

ನನ್ನ ಗಂಡ ಅಮೆರಿಕದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಿಯರ್ ಮಾಡುತ್ತಿದ್ದರು. ಅಳತೆ ಯಾವುದನ್ನೂ ಬರೆದಿಟ್ಟವರಲ್ಲ. ಅವರು ತೀರಿಹೋದ ಮೇಲೆ ಅರ್ಧ ಮೂಟೆ ಬಾರ್ಲಿ ಮಾಲ್ಟ್, ದೊಡ್ಡ ಪಾತ್ರೆ, ಪ್ಲಾಸ್ಟಿಕ್ ಡಬ್ಬಿ, ಖಾಲಿ ಬಾಟಲಿಗಳು ಉಳಿದವು. ಯಾರಿಗಾದರೂ ಕೊಟ್ಟುಬಿಡು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ಕೊಡಲಿಲ್ಲ. ಅವರ ಬಿಯರನ್ನು ಅದೇ ರುಚಿಯಲ್ಲಿ ಒಮ್ಮೆಯಾದರೂ ನಾನೇ ಮಾಡಬೇಕೆಂದು ಹಟ ಹಿಡಿದೆ.

ತೊಡಕೆಂದರೆ ಆ ರುಚಿ ನನಗೆ ಗೊತ್ತಿರಲಿಲ್ಲ. ಅವರ ಲೋಟದಿಂದ ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದೆ, ಅಷ್ಟೆ. ಗೊತ್ತಿದ್ದದ್ದು ಹತ್ತಿರದ ಊರು ರಾಚೆಸ್ಟರ್ ಹಿಲ್ಸ್‌ನಲ್ಲಿರುವ ಅವರ ಗೆಳೆಯನಿಗೆ. ಧಾರವಾಡದ ಕಡೆಯವರು, ಅತ್ತಿಗೆಯೆಂಬ ಅರ್ಥದಲ್ಲಿ ನನ್ನನ್ನು ವೈನಿ ಎಂದು ಕರೆಯುವವರು, ಶನಿವಾರ ಬಂತೆಂದರೆ ನಮ್ಮಲ್ಲೇ ಇರುತ್ತಿದ್ದರು. ಹೇಗೆ ಮಾಡುತ್ತಿದ್ದರೆಂದು ಅವರನ್ನು ಕೇಳಿದೆ.

“ನಾ ಕುಡೀಲಿಕ್ಕೆ ಬರ್ತಿದ್ದೆ ವೈನಿ, ಮಾಡ್ಲಿಕ್ಕಲ್ಲ. ನೀವ್ ಮಾಡ್ರಿ, ಅವಂದು ಹೌದೋ ಅಲ್ಲೋ ನಾ ಹೇಳ್ತೀನಿ.”

ವಿಡಿಯೊ ನೋಡಿಕೊಂಡು ಶುರುಮಾಡಿದೆ. ಮಾಲ್ಟ್ ನೆನೆಸಿ ಬಸಿದ ಸಿಹಿನೀರನ್ನು ಕುದಿಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ, ತಣಿದ ಮೇಲೆ ಡಬ್ಬಿಗೆ ಸುರಿದು ಯೀಸ್ಟ್ ಬೆರೆಸಿದೆ. ಹೊರಗೆ ಹಿಮ ಬಿದ್ದಿತ್ತು. ಇಂಥ ಚಳಿಯಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲವೆಂದು ದೀಪ ಹಾಕಿದ ಓವನ್ನಿನೊಳಗೆ ಇಡುವವಳು ನಾನು. ಈ ಡಬ್ಬಿ ಓವನ್ನಿನಲ್ಲಿ ಹಿಡಿಸಲಿಲ್ಲ. ಮನೆಯನ್ನು ಬೆಚ್ಚಗಿಡುವ ಫರ್ನೇಸ್ ಪಕ್ಕದಲ್ಲಿಟ್ಟು ಎರಡು ಕಂಬಳಿ ಹೊದಿಸಿದೆ. ಮರುದಿನವೇ ಬುಸುಬುಸು ನೊರೆ ಬಂತು. ಖುಷಿಪಟ್ಟೆ.

ಬಾಟಲಿಗೆ ತುಂಬಿದ್ದು ಕುಡಿಯಲು ಸಿದ್ಧವಾದಾಗ ಗೆಳೆಯ ಬಂದರು. ಒಂದು ಗುಟುಕು ಕುಡಿದು ಲೋಟವನ್ನು ದೂರ ಹಿಡಿದರು.

“ವೈನಿ, ಇದು ಬಿಯರೋ, ಬಾಳೆಹಣ್ಣಿನ ಸೀಕರಣಿಯೋ? ಚಪಾತಿ ಒಂದು ಕಡಿಮಿ ಅದ ನೋಡ್ರಿ.”

ನಕ್ಕರಾದರೂ, ಹತ್ತಿರದ ಇನ್ನೊಂದು ಊರು ವಿಕ್ಸಮ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಸೇರುತ್ತಾರೆಂದು ವಿಚಾರಿಸಿ, ತಾವೇ ಡ್ರೈವ್ ಮಾಡಿ ಕರೆದೊಯ್ದರು. ಅಲ್ಲಿ ಯಾರೂ ಹೊಗಳಲಿಲ್ಲ. ರಿಟೈರಾದ ಅಮೆರಿಕನ್ ಹೆಂಗಸೊಬ್ಬರು ನನ್ನ ಬಿಯರನ್ನು ಪುಟ್ಟ ಲೋಟಗಳಿಗೆ ಹಂಚಿ, “ಮೊದಲು ಮೂಸು. ಏನು ಸಿಗುತ್ತದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಕಳಿತ ಬಾಳೆಹಣ್ಣು. ಅದರ ಹಿಂದೆ ನೇಲ್ ಪಾಲಿಶ್ ತೆಗೆಯುವ ದ್ರವ.”

“ಮೂಗು ಚೆನ್ನಾಗಿದೆ. ಡಬ್ಬಿ ಎಲ್ಲಿಟ್ಟಿದ್ದೆ?”

ಫರ್ನೇಸು, ಕಂಬಳಿ, ದೋಸೆ ಹಿಟ್ಟು ಎಲ್ಲವನ್ನೂ ಹೇಳಿದೆ. ಮೇಜಿನ ಸುತ್ತ ನಗು ಎದ್ದಿತು. “ಕಂಬಳಿ ನೀನು ಹೊದ್ದುಕೋ,” ಎಂದರು ಆಕೆ. “ಬಿಸಿ ಹೆಚ್ಚಾದದ್ದಕ್ಕೇ ಈ ವಾಸನೆ. ಇದಕ್ಕೆ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹದಿನೆಂಟು ಸೆಲ್ಸಿಯಸ್, ಸಾಕು.”

ಎರಡನೆಯ ಸಲ ಡಬ್ಬಿಯನ್ನು ಬೇಸ್‌ಮೆಂಟಿನ ತಣ್ಣನೆ ಮೂಲೆಯಲ್ಲಿ, ನೀರಿನ ಟಬ್ಬಿನಲ್ಲಿ ಇರಿಸಿದೆ. ಬಾಳೆಹಣ್ಣು ಹೋಯಿತು, ಬೆಣ್ಣೆಯ ವಾಸನೆ ಬಂತು. ಯೀಸ್ಟಿನ ಕೆಲಸ ಮುಗಿಯುವ ಮೊದಲೇ ಆತುರಪಟ್ಟು ಬಾಟಲಿಗೆ ತುಂಬಿದ್ದೆನಂತೆ. ಮೂರನೆಯ ಸಲ ಕಾದೆ. ದಿನವೂ ಕೆಳಗಿಳಿದು ನೋಡಿ, ಮುಟ್ಟದೆ ಮೇಲೆ ಬರುತ್ತಿದ್ದೆ. ಆ ಬಿಯರನ್ನು ವಿಕ್ಸಮ್‌ನ ಆಕೆ ಮೂಸಿ, ಕುಡಿದು, ದೋಷವೇನೂ ಇಲ್ಲವೆಂದರು.

ಮುಂದಿನ ಶನಿವಾರ ಗೆಳೆಯನ ಮುಂದೆ ಒಂದು ಲೋಟ ಇಟ್ಟೆ. ಅವರು ನಿಧಾನವಾಗಿ ಕುಡಿದರು.

“ಭಾಳ ಛಲೋ ಆಗ್ಯದ. ಆದ್ರ ಅವಂದು ಇದಕ್ಕಿಂತ ಕಹಿ ಇತ್ತು.”

“ಎಷ್ಟು ಕಹಿ? ಕಾಫಿ ಡಿಕಾಕ್ಷನ್ ಥರಾನಾ? ಹಾಗಲಕಾಯಿ ಥರಾನಾ?”

ಇನ್ನೊಂದು ಗುಟುಕು ಕುಡಿದರು. “ಖರೇ ಹೇಳ್ಬೇಕಂದ್ರ, ನೆನಪಾಗವಲ್ದು ವೈನಿ. ಈಗ ಬಾಯಾಗ ಇದರ ರುಚಿನೇ ಅದ.”

ಆ ರುಚಿ ಇದ್ದ ಕೊನೆಯ ನಾಲಿಗೆ ಅದಾಗಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ. ಮರಳಿ ಬಂದಾಗ ಅವರು ತಲೆ ತಗ್ಗಿಸಿ ಕೂತಿದ್ದರು. ನನಗೂ ಒಂದು ಲೋಟ ತುಂಬಿಕೊಂಡು, ಮುಖ ಕಿವುಚದೆ, ಪೂರ್ತಿ ಕುಡಿದೆ. ಗಂಡನದು ಎಷ್ಟು ಕಹಿಯಿತ್ತೋ ಗೊತ್ತಿಲ್ಲ. ಇನ್ನೂ ಕಹಿ ಬೇಕಿತ್ತು, ನನಗೆ.

“ಮುಂದಿನ ಸಲ ಹಾಪ್ಸ್ ಇನ್ನೊಂದು ಹಿಡಿ ಜಾಸ್ತಿ ಹಾಕ್ತೀನಿ,” ಎಂದೆ. “ಹೆಚ್ಚಾದ್ರೆ ಹೇಳಿ.”

“ಹೆಚ್ಚಾದ್ರ ಬೈತೀನ್ರೀ,” ಎಂದು ಅವರು ಲೋಟ ಮುಂದೆ ಚಾಚಿದರು.